ಸೂಜಿಯ ದಾರಿ ಬದಲಾಯ್ತು, ನಿದ್ದೆಯೂ ಹಗುರವಾಯ್ತು

ಇವತ್ತಿನ ಕಥೆ ಒಂದು ಫಾರ್ಮ್‌ನಿಂದ ಶುರುವಾಗುತ್ತೆ. ಐವಿಎಫ್‌ಗಾಗಿ ನನ್ನ ಅಂಡಾಣು ತೆಗೆಯುವ ಹಿಂದಿನ ದಿನ ಸಹಿ ಹಾಕೋಕೆ ಕೊಟ್ಟಿದ್ರು. ಅದರಲ್ಲಿ ‘ಸೆಡೇಶನ್’, ‘ಜನರಲ್ ಅನಸ್ತೇಶಿಯಾ’ ಎರಡೂ ಇತ್ತು, ಟಿಕ್ ಯಾವುದಕ್ಕೂ ಇರಲಿಲ್ಲ. "ನಂಗೆ ಯಾವುದು ಸಿಸ್ಟರ್?" ಅಂತ ಕೇಳಿದೆ. "ಏನೂ ಗೊತ್ತಾಗಲ್ಲ ಮೇಡಂ, ಮಲಗಿ ಎದ್ದ ಹಾಗೆ" ಅಂದ್ರು. ಸಹಿ ಹಾಕಿದೆ. ಆ ರಾತ್ರಿ ಮಾತ್ರ ಕಣ್ಣು ಮುಚ್ಚಲಿಲ್ಲ. ಆಮೇಲೆ ಇದರ ಇತಿಹಾಸ ಹುಡುಕಿದೆ.

ಇಂಗ್ಲೆಂಡಿನ ಓಲ್ಡ್‌ಹ್ಯಾಮ್, 1977ರ ನವೆಂಬರ್. ಡಾ. ಪ್ಯಾಟ್ರಿಕ್ ಸ್ಟೆಪ್ಟೋ ಅವರು ಲೆಸ್ಲಿ ಬ್ರೌನ್ ಅವರ ಅಂಡಾಣು ತೆಗೆದದ್ದು ಲ್ಯಾಪರೋಸ್ಕೋಪಿಯಿಂದ. ಹೊಟ್ಟೆಗೆ ಗ್ಯಾಸ್ ತುಂಬಿ ಉಬ್ಬಿಸಿ, ಸಣ್ಣದಾಗಿ ಕೊಯ್ದು, ಕೊಳವೆ ಇಳಿಸಿ, ಕಣ್ಣಾರೆ ನೋಡ್ತಾ ಅಂಡಾಣು ಹೀರಬೇಕು. ಅದಕ್ಕೆ ಪೂರ್ತಿ ಅರಿವಳಿಕೆಯೇ ಬೇಕಿತ್ತು. 1978ರ ಜುಲೈ 25ರಂದು ಜಗತ್ತಿನ ಮೊದಲ ಪ್ರನಾಳ ಶಿಶು ಲೂಯಿಸ್ ಹುಟ್ಟಿದಳು.

ಅದೇ ವರ್ಷ ಅಕ್ಟೋಬರ್ 3ರಂದು ಕಲ್ಕತ್ತದಲ್ಲಿ ‘ದುರ್ಗಾ’ ಹುಟ್ಟಿದಳು. ಡಾ. ಸುಭಾಷ್ ಮುಖೋಪಾಧ್ಯಾಯ ಲ್ಯಾಪರೋಸ್ಕೋಪ್ ಬಳಸದೆ, ಯೋನಿಯ ಹಿಂಬದಿಯ ಗೋಡೆಯಲ್ಲಿ ಸಣ್ಣದಾಗಿ ಕೊಯ್ದು ಅಂಡಾಶಯ ತಲುಪಿದ್ರು. ಸರ್ಕಾರದ ಸಮಿತಿ ಅವರನ್ನು ನಂಬಲಿಲ್ಲ. ಆದ್ರೆ ಮುಂದೆ ಜಗತ್ತು ಹಿಡಿದದ್ದೂ ಯೋನಿಮಾರ್ಗವನ್ನೇ.

ಅದಕ್ಕೆ ದಾರಿ ತೋರಿಸಿದ್ದು ಅಲ್ಟ್ರಾಸೌಂಡ್. 1980ರ ದಶಕದ ಆರಂಭದಲ್ಲಿ ಕೋಪನ್‌ಹೇಗನ್‌ನ ಸುಸಾನ್ ಲೆನ್ಜ್ ಮತ್ತು ಸಂಗಡಿಗರು ಸ್ಕ್ಯಾನ್ ನೋಡ್ತಾ ಹೊಟ್ಟೆ ಮೂಲಕ ಸೂಜಿ ಹಾಯಿಸಿದ್ರು, ಅದೂ ಬರೀ ಲೋಕಲ್ ಅನಸ್ತೇಶಿಯಾದಲ್ಲಿ! ದಶಕದ ಮಧ್ಯಕ್ಕೆ ಸ್ವೀಡನ್, ಆಸ್ಟ್ರಿಯಾದ ವೈದ್ಯರು ಸೂಜಿಯನ್ನು ಯೋನಿಮಾರ್ಗದಿಂದಲೇ ಕಳಿಸಿದ್ರು. ಅಲ್ಲಿಂದ ಅಂಡಾಶಯ ತೀರಾ ಹತ್ತಿರ. ಗ್ಯಾಸ್ ಬೇಡ, ಹೊಟ್ಟೆ ಕೊಯ್ಯೋದು ಬೇಡ. 1986ರಲ್ಲಿ ಬ್ರಿಟನ್ ಮಾರುಕಟ್ಟೆಗೆ ಪ್ರೊಪೊಫಾಲ್ ಬಂತು. ಹಾಲಿನ ಬಣ್ಣದ ಈ ಮದ್ದು ಬೇಗ ಮಂಪರು ತರಿಸುತ್ತೆ, ಬೇಗ ಇಳಿಯುತ್ತೆ.

ಹಾಗಾದ್ರೆ ವ್ಯತ್ಯಾಸ ಏನು? ಹಗುರ ಸೆಡೇಶನ್‌ನಲ್ಲಿ ಕರೆದ್ರೆ ಓಗೊಡ್ತೀರಿ, ಉಸಿರು ನಿಮ್ಮದೇ. ಜನರಲ್‌ನಲ್ಲಿ ಎಷ್ಟು ಕರೆದ್ರೂ ಏಳಲ್ಲ, ಉಸಿರಾಟಕ್ಕೆ ನೆರವು ಬೇಕಾಗಬಹುದು. ನಡುವೆ ಗೋಡೆಯಿಲ್ಲ. ಅದೇ ಪ್ರೊಪೊಫಾಲ್ ಸ್ವಲ್ಪ ಹೆಚ್ಚಾದ್ರೆ ಸೆಡೇಶನ್ ಜಾರಿ ಜನರಲ್ ಆಗುತ್ತೆ. ಅದಕ್ಕೇ ಎರಡಕ್ಕೂ ಖಾಲಿ ಹೊಟ್ಟೆ ಬೇಕು, ಉಸಿರು ನೋಡ್ಕೊಳ್ಳೋಕೆ ಪಕ್ಕದಲ್ಲಿ ಒಬ್ರು ಇರಬೇಕು. ನೋವು ತಡೆಯೋದರಲ್ಲಾಗಲಿ ಗರ್ಭ ನಿಲ್ಲೋದರಲ್ಲಾಗಲಿ ಇಂಥದ್ದೇ ವಿಧಾನ ಮೇಲು ಅನ್ನೋಕೆ 2018ರ ಕೋಕ್ರೇನ್ ವಿಮರ್ಶೆಗೆ ಪುರಾವೆ ಸಿಗಲಿಲ್ಲ. ಅಂದ್ರೆ ನಿಮ್ಮ ದೇಹಸ್ಥಿತಿ, ನಿಮ್ಮ ಭಯ, ಅಲ್ಲಿರುವ ಸೌಲಭ್ಯ ನೋಡಿ ಮಾತಾಡಿಯೇ ತೀರ್ಮಾನಿಸಬೇಕು.

ಅವತ್ತು ನಾನು ಆ ಮಾತು ಆಡಲಿಲ್ಲ. ನೀವು ಆಡಿ. ಸಹಿಗೆ ಮುಂಚೆ ಎರಡೇ ಪ್ರಶ್ನೆ: "ನಂಗೆ ಯಾವುದು ಕೊಡ್ತೀರಿ? ನನ್ನ ಉಸಿರು ಯಾರು ನೋಡ್ಕೊಳ್ತಾರೆ?"

ಮತ್ತೆ ಸಿಗೋಣ.