ಉಸಿರಿನ ದಾರಿಗೊಂದು ಮರದ ಕೊಳವೆ

1673ರ ಬೇಸಿಗೆ. ಫ್ರೆಂಚ್ ಪಾದ್ರಿ ಜಾಕ್ ಮಾರ್ಕೆತ್ ಮತ್ತು ಅವರ ಜತೆಗಾರ ಲೂಯಿ ಜೋಲಿಯೆ ಉತ್ತರ ಅಮೆರಿಕದ ಮಿಸಿಸಿಪ್ಪಿ ನದಿಯಲ್ಲಿ ಸಣ್ಣ ದೋಣಿಗಳಲ್ಲಿ ದಕ್ಷಿಣಕ್ಕೆ ಸಾಗುತ್ತಿದ್ದರು. ಒಂದೆಡೆ ದಡದ ಹಳ್ಳಿಯ ಜನ ಬಿಲ್ಲುಬಾಣ, ಕೊಡಲಿ, ದೊಣ್ಣೆ ಹಿಡಿದು ಅವರನ್ನು ಸುತ್ತುವರಿದರು. ಮಾರ್ಕೆತ್ ಒಂದು ಪೈಪನ್ನು ಎತ್ತಿ ಹಿಡಿದರು. ಕೆಲವು ದಿನಗಳ ಹಿಂದೆ ಇಲಿನಾಯ್ ಬುಡಕಟ್ಟಿನ ಮುಖಂಡ ಕೊಟ್ಟ ಕಾಣಿಕೆ ಅದು. ಮೊದಲು ಯಾರೂ ಅತ್ತ ಗಮನ ಕೊಡಲಿಲ್ಲ. ಕೊನೆಗೆ ಹಿರಿಯರು ಅದನ್ನು ಗುರುತಿಸಿ ಯುವಕರನ್ನು ತಡೆದರು. ದೋಣಿಯಲ್ಲಿದ್ದವರ ಜೀವ ಉಳಿಯಿತು.

ಹೊಗೆಸೊಪ್ಪು ಸೇದುವ ಸಾಧನವೊಂದಕ್ಕೆ ಇಷ್ಟು ಶಕ್ತಿ ಬಂದದ್ದು ಹೇಗೆ?

ಮಾರ್ಕೆತ್ ತಮ್ಮ ಬರಹದಲ್ಲಿ ಆ ಪೈಪನ್ನು ವರ್ಣಿಸಿದ್ದಾರೆ. ಅದರಲ್ಲಿ ಎರಡು ಭಾಗ. ಒಂದು, ನುಣುಪಾದ ಕೆಂಪು ಕಲ್ಲಿನ ಬಟ್ಟಲು. ಇನ್ನೊಂದು, ಅದಕ್ಕೆ ಸಿಕ್ಕಿಸುವ, ಎರಡಡಿ ಉದ್ದದ, ನಡುವೆ ರಂಧ್ರ ಕೊರೆದ ಮರದ ಕೋಲು. ಕೋಲಿಗೆ ಹಕ್ಕಿಗಳ ತಲೆ, ಕತ್ತು, ಗರಿಗಳ ಅಲಂಕಾರ. ಫ್ರೆಂಚರು ಇದಕ್ಕೆ ಕೊಟ್ಟ ಹೆಸರು 'ಕ್ಯಾಲುಮೆಟ್'. ಜೊಂಡಿನ ಕೊಳವೆ ಎಂಬರ್ಥದ ಹಳೆಯ ಫ್ರೆಂಚ್ ಪದದಿಂದ ಬಂದದ್ದು ಅದು. ಅಂದರೆ ಹೆಸರು ಹುಟ್ಟಿದ್ದು ಕಲ್ಲಿನಿಂದಲ್ಲ, ಕೊಳವೆಯಿಂದ. 'ಶಾಂತಿಯ ಪೈಪು' ಎಂಬ ಜನಪ್ರಿಯ ಹೆಸರು ಬಂದದ್ದು ಬಿಳಿಯರಿಂದ. ಸಂಧಾನಕ್ಕಷ್ಟೇ ಅಲ್ಲ, ಯುದ್ಧದ ನಿರ್ಧಾರಕ್ಕೂ ಪ್ರಾರ್ಥನೆಗೂ ರೋಗಿಯ ಶುಶ್ರೂಷೆಗೂ ಪೈಪು ಬೇಕಿತ್ತು. ತುಂಬುತ್ತಿದ್ದುದೂ ಬರೀ ಹೊಗೆಸೊಪ್ಪಲ್ಲ. ಕೆಲವು ಪೊದೆಗಳ ಒಳತೊಗಟೆ, ಸುಮ್ಯಾಕ್ ಎಲೆ ಮುಂತಾದವನ್ನು ಬೆರೆಸುತ್ತಿದ್ದರು. ಆ ಮಿಶ್ರಣಕ್ಕೆ 'ಕಿನ್ನಿಕಿನ್ನಿಕ್' ಎಂದು ಹೆಸರು.

ಕೊಳವೆಗೆ ಮರವೇ ಏಕೆ ಎಂಬುದಕ್ಕೆ ಕಾರಣ ಸರಳ. ಉರಿ ತಾಗಿದ ಕಲ್ಲು ಕಾಯುತ್ತದೆ. ಮರ ಬೇಗ ಕಾಯುವುದಿಲ್ಲ. ಉದ್ದದ ದಾರಿಯಲ್ಲಿ ಸಾಗಿ ಬರುವ ಹೊಗೆ ತಣ್ಣಗಾಗುತ್ತದೆ. ಆದರೆ ಎರಡು ಮೂರು ಅಡಿ ಉದ್ದದ ಕೋಲಿನಲ್ಲಿ ಈ ತುದಿಯಿಂದ ಆ ತುದಿಗೆ ನೇರವಾಗಿ ರಂಧ್ರ ಮಾಡುವುದು ಸುಲಭವಲ್ಲ. ಬಿದಿರಿನಂತೆ ಅದು ಹುಟ್ಟಾ ಟೊಳ್ಳಲ್ಲ. ಹಾಗಾಗಿ ಕುಶಲಕರ್ಮಿಗಳು ನಡುವೆ ಮೆದು ಬೆಂಡು ಇರುವ ಆ್ಯಶ್ ಮರದ ಎಳೆಯ ಗಿಡವನ್ನೋ ಸುಮ್ಯಾಕ್ ಕೊಂಬೆಯನ್ನೋ ಆರಿಸುತ್ತಿದ್ದರು. ಕಬ್ಬಿಣದ ತಂತಿ ಕೈಗೆ ಬಂದ ಮೇಲೆ ಅದನ್ನು ಕೆಂಪಗೆ ಕಾಯಿಸಿ, ಬೆಂಡನ್ನು ಸ್ವಲ್ಪ ಸ್ವಲ್ಪವಾಗಿ ಸುಡುತ್ತಾ ದಾರಿ ಬಿಡಿಸುತ್ತಿದ್ದರು. ಇನ್ನೊಂದು ವಿಧಾನದಲ್ಲಿ ಕೋಲನ್ನು ಉದ್ದಕ್ಕೆ ಸೀಳಿ, ಎರಡೂ ಹೋಳುಗಳಲ್ಲಿ ತೋಡು ಕೊರೆದು, ಅಂಟು ಹಚ್ಚಿ ಕೂಡಿಸಿ, ಪ್ರಾಣಿಯ ನರದ ದಾರದಿಂದ ಬಿಗಿಯುತ್ತಿದ್ದರು. ಹೊರಮೈಗೆ ಬಣ್ಣ ಹಾಕಿದ ಮುಳ್ಳುಹಂದಿ ಮುಳ್ಳುಗಳ ಹೆಣಿಗೆ. ಕೆಲವರ ಕೈಚಳಕ ಇನ್ನೂ ಮುಂದೆ ಹೋಗಿ, ಕೋಲಿನ ನಡುವೆಯೇ ಆರಪಾರ ಕಿಂಡಿಗಳನ್ನು ಕೆತ್ತುತ್ತಿತ್ತು. ಹೊಗೆ ಎಲ್ಲಿಂದ ಹೋಗುತ್ತದೆ ಎಂದು ನೋಡಿದವರು ಬೆರಗಾಗಬೇಕು. ಅಂಕುಡೊಂಕಾಗಿ ಕೊರೆದ ದಾರಿ ಆ ಕಿಂಡಿಗಳನ್ನು ತಪ್ಪಿಸಿಕೊಂಡು ಸಾಗುತ್ತಿತ್ತು.

ಕೊಳವೆಯ ಮಹತ್ವ ಪೂರ್ತಿ ಅರ್ಥವಾಗಬೇಕಾದರೆ ಪಾನೀ ಬುಡಕಟ್ಟಿನ 'ಹಾಕೊ' ವಿಧಿಯನ್ನು ನೋಡಬೇಕು. ತಹಿರುಸ್ಸಾವಿಚಿ ಎಂಬ ಪಾನೀ ಹಿರಿಯರು ಈ ವಿಧಿಯನ್ನು ಸಂಶೋಧಕಿ ಅಲಿಸ್ ಫ್ಲೆಚರ್ ಅವರಿಗೆ ವಿವರಿಸಿದರು. ಪಾನೀ ಸಮುದಾಯದವರೇ ಆದ ಜೇಮ್ಸ್ ಮ್ಯೂರಿ ನೆರವಾದರು. 1904ರಲ್ಲಿ ಅದು ಪ್ರಕಟವಾಯಿತು. ರಕ್ತಸಂಬಂಧವಿಲ್ಲದ ಎರಡು ಗುಂಪುಗಳನ್ನು ತಂದೆ-ಮಕ್ಕಳ ನಂಟಿನಲ್ಲಿ ಬೆಸೆಯುವ ವಿಧಿ ಇದು. ಇದರಲ್ಲಿ ಬಳಸುವುದು ಆ್ಯಶ್ ಮರದ, ಗರಿ ಕಟ್ಟಿದ ಎರಡು ಕೊಳವೆಗಳು. ಆಕಾಶಕ್ಕೆ ನೀಲಿ ಬಣ್ಣದ್ದು, ಭೂಮಿಗೆ ಹಸಿರು ಬಣ್ಣದ್ದು. ಅವುಗಳಿಗೆ ಕಲ್ಲಿನ ಬಟ್ಟಲೇ ಇಲ್ಲ! ಆದರೂ ಒಳಗಿನ ಬೆಂಡನ್ನು ಸುಟ್ಟು ರಂಧ್ರ ಮಾಡಿರುತ್ತಾರೆ, ಉಸಿರು ಸಾಗಲೆಂದು. ಸೇದುವುದಕ್ಕಲ್ಲದ ಈ ಕೊಳವೆಗೆ ಬೆಂಕಿ ಬೇಡ, ಆದರೆ ಉಸಿರಿನ ದಾರಿ ಬೇಕು.

ಲಕೋಟ ಬುಡಕಟ್ಟಿನವರಲ್ಲಿ ಬಟ್ಟಲು ಮತ್ತು ಕೊಳವೆಯನ್ನು ಬಿಡಿಯಾಗಿಯೇ ಕಾಪಿಡುವುದು ವಾಡಿಕೆ. ಪ್ರಾರ್ಥನೆಯ ಹೊತ್ತಿಗೆ ಮಾತ್ರ ಜೋಡಿಸುತ್ತಾರೆ. ಕಲ್ಲು ನೆಲದ ಪ್ರತೀಕವಾದರೆ, ಮರ ನೆಲದ ಮೇಲೆ ಬೆಳೆಯುವ ಎಲ್ಲದರ ಪ್ರತೀಕ. ಕಲ್ಲು ತಲೆಮಾರುಗಳ ಕಾಲ ಬಾಳುತ್ತದೆ. ಮರ ಬಿರಿಯುತ್ತದೆ, ಮಸಿ ಕಟ್ಟುತ್ತದೆ. ಆಗ ಹಳೆ ಬಟ್ಟಲಿಗೆ ಹೊಸ ಕೊಳವೆ ಮಾಡಲೇಬೇಕು. ಕೊರೆಯುವ ವಿದ್ಯೆ ಕೈಯಿಂದ ಕೈಗೆ ದಾಟುತ್ತಿದ್ದರೆ ಮಾತ್ರ ಪೈಪು ಉಳಿಯುತ್ತದೆ.

ಆ ಕೊಂಡಿಯೇ ಕಡಿಯುವ ಭೀತಿ ಬಂದದ್ದು 19ನೇ ಶತಮಾನದ ಕೊನೆಯಲ್ಲಿ. 1883ರಲ್ಲಿ ಅಮೆರಿಕ ಸರ್ಕಾರ ತಂದ ನಿಯಮಗಳು ಸೂರ್ಯನೃತ್ಯದಂಥ ವಿಧಿಗಳನ್ನೂ ಬುಡಕಟ್ಟು ವೈದ್ಯರ ಆಚರಣೆಗಳನ್ನೂ ಅಪರಾಧವೆಂದು ಸಾರಿದವು. ಮಕ್ಕಳನ್ನು ದೂರದ ವಸತಿಶಾಲೆಗಳಿಗೆ ಸೇರಿಸಲಾಯಿತು. ಕೆಂಪು ಕಲ್ಲಿನ ಪ್ರಸಿದ್ಧ ಗಣಿಗಳಿರುವ ಮಿನೆಸೋಟ ರಾಜ್ಯದ ಪೈಪ್‌ಸ್ಟೋನ್‌ನಲ್ಲೇ 1893ರಲ್ಲಿ ಅಂಥದೊಂದು ಶಾಲೆ ತೆರೆಯಿತು. 1858ರ ಒಪ್ಪಂದದಲ್ಲಿ ಗಣಿಯ ಹಕ್ಕು ಉಳಿಸಿಕೊಂಡಿದ್ದ ಯಾಂಕ್ಟನ್ ಸೂ ಜನ ಸುಪ್ರೀಂ ಕೋರ್ಟ್‌ವರೆಗೆ ಹೋಗಿ 1926ರಲ್ಲಿ ಗೆದ್ದರು. ಸಿಕ್ಕಿದ್ದು ನೆಲವಲ್ಲ, ಪರಿಹಾರಧನ. 1937ರಲ್ಲಿ ಆ ಜಾಗ ರಾಷ್ಟ್ರೀಯ ಸ್ಮಾರಕವಾಯಿತು. ಅಲ್ಲಿ ಕಲ್ಲು ತೆಗೆಯುವ ಹಕ್ಕು ಮೂಲನಿವಾಸಿಗಳಿಗೆ ಮಾತ್ರ ಉಳಿಯಿತು. ಧಾರ್ಮಿಕ ಆಚರಣೆಗೆ ರಕ್ಷಣೆ ನೀಡುವ ಕಾಯ್ದೆ ಬರಲು 1978ರವರೆಗೆ ಕಾಯಬೇಕಾಯಿತು.

ಇಂದಿನ ಪ್ರಶ್ನೆ ಬೇರೆ. ಪ್ರವಾಸಿಗೆ ಪೈಪು ಮಾರಬಹುದೇ? ಬೇಡವೆನ್ನುವವರು ಹಲವರು. ಸಂತೆಗಳಲ್ಲಿ ಪೈಪು ಮಾರುವುದನ್ನು 1993ರಲ್ಲಿ ಲಕೋಟ ಪ್ರತಿನಿಧಿಗಳು ಸಭೆ ಸೇರಿ ಖಂಡಿಸಿದರು. ಆದರೆ ಪೈಪ್‌ಸ್ಟೋನ್‌ನಲ್ಲಿ ಕೆತ್ತನೆಯಿಂದಲೇ ಹೊಟ್ಟೆ ಹೊರೆದುಕೊಂಡು ಬಂದ ಮೂಲನಿವಾಸಿ ಕುಟುಂಬಗಳೂ ಇವೆ. ಮಂತ್ರಿಸಿದ ಮೇಲಷ್ಟೇ ಪೈಪು ಪವಿತ್ರ, ಅಲ್ಲಿಯವರೆಗೆ ಅದು ಕೈಕಸುಬು ಎಂಬುದು ಕೆತ್ತನೆಗಾರರ ವಾದ. ಎರಡೂ ಮಾತಿನ ಹಿಂದೆ ನೋವಿದೆ. ಒಬ್ಬರಿಗೆ ಪೂಜೆಯ ವಸ್ತು ಅಂಗಡಿಗೆ ಬಂದ ನೋವು, ಇನ್ನೊಬ್ಬರಿಗೆ ವಿದ್ಯೆ ಕೈತಪ್ಪೀತೆಂಬ ಅಂಜಿಕೆ.

ಹದ್ದಿನ ಗರಿಯ ಮಾತೂ ಹೀಗೆಯೇ. ಅಲ್ಲಿ ಹದ್ದುಗಳಿಗೆ ಕಾನೂನಿನ ರಕ್ಷಣೆ ಇದೆ. ಕೊಳವೆಗೆ ಗರಿ ಕಟ್ಟಬೇಕಾದ ಬುಡಕಟ್ಟಿನವರು ಕೊಲೊರಾಡೊದ ಸರ್ಕಾರಿ ಉಗ್ರಾಣಕ್ಕೆ ಅರ್ಜಿ ಹಾಕಿ ಸರದಿ ಕಾಯಬೇಕು. ಅರ್ಜಿ ಹಾಕಿ ಗರಿ ಪಡೆಯಬಹುದು, ಪರವಾನಗಿ ಪಡೆದು ಕಲ್ಲು ಅಗೆಯಬಹುದು. ಬೆಂಡು ತೆಗೆದು ನೇರ ದಾರಿ ಬಿಡಿಸುವ ಕೈಯನ್ನು ಮಾತ್ರ ಯಾವ ಕಚೇರಿಯೂ ಕೊಡಲಾರದು. ಬಲ್ಲವರ ಪಕ್ಕದಲ್ಲಿ ಕುಳಿತೇ ಅದನ್ನು ಕಲಿಯಬೇಕು.