ದ್ರವ್ಯವೇದ, ಭಾವವೇದ ಮತ್ತು ಕಾರಿತಹಿಂಸೆ

ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಹತ್ತನೆಯ ಶತಮಾನದಲ್ಲಿ ಪ್ರಾಕೃತದಲ್ಲಿ ರಚಿಸಿದ ‘ಗೊಮ್ಮಟಸಾರ’ದ ಜೀವಕಾಂಡದಲ್ಲಿ ಸ್ತ್ರೀ, ಪುರುಷ, ನಪುಂಸಕವೆಂಬ ಮೂರು ವೇದಗಳ ನಿರೂಪಣೆಯಿದೆ. ದೇಹರಚನೆಗೆ ಸಂಬಂಧಿಸಿದ್ದು ದ್ರವ್ಯವೇದ. ಅಂತರಂಗಕ್ಕೆ ಸಂಬಂಧಿಸಿದ್ದು ಭಾವವೇದ. ಇವೆರಡೂ ಪ್ರಾಯಶಃ ಸಮವಾಗಿಯೇ ಇರುತ್ತವೆ, ಆದರೆ ಕೆಲವೆಡೆ ವಿಷಮವಾಗಿಯೂ ಇರುತ್ತವೆ ಎಂಬುದು ಆಚಾರ್ಯರ ಅಭಿಪ್ರಾಯ. ವೇದವೆಂದರೆ ಅಲ್ಲಿ ಮುಖ್ಯವಾಗಿ ಕಾಮಭಾವ. ಇಂದಿನ ಲಿಂಗತ್ವದ ಕಲ್ಪನೆಗೆ ಅದು ಪೂರ್ಣ ಸಮಾನವಲ್ಲ. ನಪುಂಸಕವೇದದ ತಾಪವನ್ನು ಇಟ್ಟಿಗೆಯ ಆವಗೆಯ ಬೆಂಕಿಗೆ ಹೋಲಿಸುವ ಅದೇ ಗ್ರಂಥವು ಅಂಥವರ ಚಿತ್ತವನ್ನು ಕಲುಷಿತವೆಂದೂ ಕರೆಯುತ್ತದೆ. ಆದರೂ ದೇಹ ಒಂದು ಬಗೆ, ಭಾವ ಇನ್ನೊಂದು ಬಗೆಯಾಗಿರುವ ಜೀವಿಗಳಿದ್ದಾರೆಂಬ ಸಂಗತಿ ನಮ್ಮ ಹಿರಿಯರಿಗೆ ಅಪರಿಚಿತವಾಗಿರಲಿಲ್ಲ.

ಶಾಸ್ತ್ರವು ಕರ್ಮೋದಯದ ಫಲವೆಂದು ವಿವರಿಸಿದುದನ್ನು ಆಧುನಿಕ ಶಾಸನವು ಅಪರಾಧದ ಗುರುತೆಂದು ಭಾವಿಸಿತು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯ ಎರಡನೆಯ ಭಾಗವು ಇಂಥವರ ಹೆಸರು, ವಾಸಸ್ಥಳಗಳನ್ನು ದಾಖಲಿಸಲು ಅವಕಾಶ ನೀಡಿತು. ಹಾಗೆ ದಾಖಲಾದವರು ಸ್ತ್ರೀವೇಷದಲ್ಲಿ ಬೀದಿಗೆ ಬಂದರೆ ಶಿಕ್ಷೆ. ಅವರಿಗೆ ದತ್ತು ಪಡೆಯುವ ಹಕ್ಕಿಲ್ಲ, ಉಯಿಲು ಬರೆಯುವ ಹಕ್ಕೂ ಇಲ್ಲ. ಮೊದಲು ಉತ್ತರ ಭಾರತದಲ್ಲಿ ಜಾರಿಗೆ ಬಂದ ಈ ಮನೋಧರ್ಮ ನಮ್ಮ ನಾಡಿಗೂ ತಲುಪಿತು. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಕಲಮನ್ನು ಸೇರಿಸಿ, ಇವರ ಪಟ್ಟಿಯನ್ನು ಇರಿಸಿಕೊಳ್ಳುವ ಅಧಿಕಾರವನ್ನು ಪೊಲೀಸರಿಗೆ ಕೊಡಲಾಯಿತು. ಆ ವರ್ಷದ ಜನಗಣತಿಯಲ್ಲಿ ಗಂಡು, ಹೆಣ್ಣು ಎಂಬೆರಡರಲ್ಲೂ ಸೇರದೆ ರಾಜ್ಯದಲ್ಲಿ ಎಣಿಕೆಯಾದವರು 20,266 ಮಂದಿ. ಸರ್ವೋಚ್ಚ ನ್ಯಾಯಾಲಯವು 2014ರ ಏಪ್ರಿಲ್ 15ರಂದು ಇವರ ಸಮಾನ ಹಕ್ಕನ್ನು ಎತ್ತಿಹಿಡಿದ ಬಳಿಕ, 2016ರಲ್ಲಿ ಆ ಕಲಮಿನಿಂದ ಈ ಸಮುದಾಯದ ಹೆಸರನ್ನು ತೆಗೆಯಲಾಯಿತು. 2021ರಲ್ಲಿ ರಾಜ್ಯವು ಸರ್ಕಾರಿ ನೇಮಕಾತಿಯಲ್ಲಿ ಶೇಕಡಾ 1ರ ಮೀಸಲಾತಿಯನ್ನೂ ನೀಡಿತು.

ಶಾಸನ ತಿದ್ದಲ್ಪಟ್ಟಿತು, ಮನೆಗಳ ಕದ ತೆರೆಯಿತೇ? ಹೆಬ್ಬಾಳ, ಯಶವಂತಪುರಗಳ ಸಿಗ್ನಲ್‌ಗಳಲ್ಲಿ ಕೈಚಾಚುವವರನ್ನು ಕಂಡು ವಾಹನದ ಗಾಜು ಏರಿಸುವ ನಾವು, ಅವರನ್ನು ಅಲ್ಲಿಗೆ ತಳ್ಳಿದ ಮನೆಗಳ ವಿಷಯ ಯೋಚಿಸುವುದಿಲ್ಲ. ಬೆಂಗಳೂರಿನಲ್ಲಿ ಇವರ ಹಕ್ಕಿಗಾಗಿ ದುಡಿದ ಫಮಿಲಾ 2004ರಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡರು. ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿಯವರೂ ಯೌವನದಲ್ಲಿ ಮನೆಯವರ ತಿರಸ್ಕಾರದಿಂದ ನೊಂದು ಪ್ರಾಣ ಕಳೆದುಕೊಳ್ಳಲು ಹೊರಟವರೇ. ಬದುಕುಳಿದ ಅವರಿಗೆ ಕಾಳವ್ವ ಜೋಗತಿಯವರಂಥ ಗುರು ದೊರೆತರು, ಜೋಗತಿ ನೃತ್ಯ ದೊರೆಯಿತು. 2019ರಲ್ಲಿ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಸಂದಿತು. ಕೈಹಿಡಿಯುವವರಿದ್ದರೆ ಅಂಥದೊಂದು ಜೀವ ಏನಾಗಬಲ್ಲದು ಎಂಬುದಕ್ಕೆ ಬೇರೆ ಪ್ರಮಾಣ ಬೇಕಿಲ್ಲ.

ವೈದ್ಯಶಾಸ್ತ್ರವೂ ಇದನ್ನೇ ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕರಿಸಿದ ರೋಗಗಳ ವರ್ಗೀಕರಣದಲ್ಲಿ ಈ ವೈಷಮ್ಯವನ್ನು ಮಾನಸಿಕ ವ್ಯಾಧಿಗಳ ಅಧ್ಯಾಯದಿಂದ ಹೊರತೆಗೆಯಿತು. ಇವರಲ್ಲಿ ಖಿನ್ನತೆಯೂ ಆತ್ಮಹತ್ಯೆಯ ಯತ್ನಗಳೂ ಇತರರಿಗಿಂತ ಹೆಚ್ಚೆಂದು ಹಲವು ದೇಶಗಳ ಅಧ್ಯಯನಗಳು ಕಂಡಿವೆ; ತಿರಸ್ಕಾರ, ಹಲ್ಲೆ, ನಿರುದ್ಯೋಗಗಳು ಅದಕ್ಕೆ ಕಾರಣವಾಗುತ್ತವೆ. ಮನೆಯವರು ಒಪ್ಪಿಕೊಂಡಲ್ಲಿ ಆ ಅಪಾಯ ತಗ್ಗುತ್ತದೆ.

ರಾಗದ್ವೇಷರಹಿತವಾದ ಸಲ್ಲೇಖನಕ್ಕೂ ಹತಾಶೆಯ ಆತ್ಮಘಾತಕ್ಕೂ ಇರುವ ಅಂತರವನ್ನು ನಾವು ಬಲ್ಲೆವು. ಆದರೆ ಆತ್ಮಘಾತದ ಪಾಪವನ್ನು ಮಡಿದವರ ಮೇಲಷ್ಟೇ ಹೊರಿಸಿ ಸುಮ್ಮನಾಗುವುದು ಜಿನಧರ್ಮಕ್ಕೆ ಸಲ್ಲದು. ಹಿಂಸೆ ಕೃತ, ಕಾರಿತ, ಅನುಮೋದಿತವೆಂದು ಮೂರು ತೆರನಾದುದು. ಮಗುವನ್ನು ಹೊರಹಾಕುವುದು ಕಾರಿತಹಿಂಸೆಗೆ ದಾರಿ. ನೆರೆಹೊರೆಯವರು ಅದನ್ನು ಸರಿಯೆನ್ನುವುದು ಅನುಮೋದನೆ. ತನ್ನ ಭಾವ ಬೇರೆಯೆಂದು ಮಗು ಹೇಳಿಕೊಂಡ ದಿನ ಅದನ್ನು ಬೈಯದೆ, ಹೊಡೆಯದೆ, ಎಂದಿನಂತೆ ಪಂಕ್ತಿಯಲ್ಲಿ ಕೂರಿಸಿ ಉಣಬಡಿಸುವುದು ಶ್ರಾವಕನ ಅಹಿಂಸಾಣುವ್ರತದೊಳಗೇ ಸೇರಿದ್ದು. ಸಂಕಟ ಮಿತಿಮೀರಿದಾಗ ‘ಟೆಲಿ ಮಾನಸ್’ ಸಹಾಯವಾಣಿ 14416ಕ್ಕೆ ಕರೆಮಾಡಿ ಕನ್ನಡದಲ್ಲಿಯೇ ನೆರವು ಪಡೆಯಬಹುದೆಂಬುದನ್ನೂ ಪ್ರತಿ ಮನೆ ತಿಳಿದಿರಬೇಕು.