ಮನೆಯಲ್ಲಿ ಎಸ್ಪ್ರೆಸೊ ತಯಾರಿಕೆ

ಮನೆಯಲ್ಲಿ ಎಸ್ಪ್ರೆಸೊ ತಯಾರಿಕೆ ಎಂಬುದು ನುಣ್ಣಗೆ ಬೀಸಿದ ಕಾಫಿ ಪುಡಿಯ ಮೂಲಕ ಬಿಸಿನೀರನ್ನು ಹೆಚ್ಚಿನ ಒತ್ತಡದಲ್ಲಿ ಹಾಯಿಸಿ, ಅಲ್ಪ ಪ್ರಮಾಣದ ಗಾಢವಾದ ಕಾಫಿಯನ್ನು ಗೃಹಬಳಕೆಯ ಯಂತ್ರದಿಂದ ಪಡೆಯುವ ವಿಧಾನವಾಗಿದೆ. ಇದು ಉಪಕರಣಗಳನ್ನೂ ಅಳತೆಯ ನಿಖರತೆಯನ್ನೂ ಬಹುವಾಗಿ ಅವಲಂಬಿಸಿರುವುದರಿಂದ ಹೈ-ಫೈ ಧ್ವನಿವ್ಯವಸ್ಥೆಗಳ ಸಂಗ್ರಹದಂತೆಯೇ ಒಂದು ಹವ್ಯಾಸವಾಗಿ ಬೆಳೆದಿದೆ. ಭಾರತದ ಕಾಫಿಯ ಸುಮಾರು 70 ಶೇಕಡಾ ಭಾಗವನ್ನು ಬೆಳೆಯುವ ಕರ್ನಾಟಕದಲ್ಲಿ ಈ ವಿಧಾನವು ಮನೆಮನೆಯ ಫಿಲ್ಟರ್ ಕಾಫಿಯ ಸಂಪ್ರದಾಯದ ಜೊತೆಯಲ್ಲಿ ಬಳಕೆಗೆ ಬಂದಿದೆ.

ಇತಿಹಾಸ

ಆವಿಯ ಒತ್ತಡದಿಂದ ಕಾಫಿ ತಯಾರಿಸುವ ಯಂತ್ರಕ್ಕೆ ಇಟಲಿಯ ಟ್ಯೂರಿನ್ ನಗರದ ಆಂಜೆಲೊ ಮೊರಿಯೊಂಡೊ 1884ರಲ್ಲಿ ಪೇಟೆಂಟ್ ಪಡೆದನು. 1901ರಲ್ಲಿ ಮಿಲಾನಿನ ಲುಯಿಜಿ ಬೆಜ್ಜೆರಾ ಒಂದೊಂದು ಲೋಟವನ್ನು ಪ್ರತ್ಯೇಕವಾಗಿ ತಯಾರಿಸುವ ಯಂತ್ರವನ್ನು ರೂಪಿಸಿದನು. ಅದರ ಹಕ್ಕನ್ನು ಕೊಂಡ ಡೆಸಿಡೆರಿಯೊ ಪಾವೊನಿ 1905ರಿಂದ ಯಂತ್ರಗಳ ಉತ್ಪಾದನೆಯನ್ನು ಆರಂಭಿಸಿದನು. ಈ ಯಂತ್ರಗಳಲ್ಲಿ ಒತ್ತಡ ಕಡಿಮೆಯಿದ್ದು, ಆವಿಯ ಬಿಸಿಗೆ ಕಾಫಿ ಸುಟ್ಟ ರುಚಿಯನ್ನು ಪಡೆಯುತ್ತಿತ್ತು. ಅಕಿಲ್ಲೆ ಗಾಜಿಯಾ 1938ರಲ್ಲಿ ಪೇಟೆಂಟ್ ಪಡೆದು, ಎರಡನೆಯ ಮಹಾಯುದ್ಧದ ನಂತರ ಸನ್ನೆಗೋಲಿನ ಯಂತ್ರವನ್ನು ಮಾರುಕಟ್ಟೆಗೆ ತಂದನು. ಕಾಫಿಯ ಮೇಲೆ ನಿಲ್ಲುವ 'ಕ್ರೆಮಾ' ಎಂಬ ಕಂದು ನೊರೆ ಈ ಯಂತ್ರಗಳಿಂದಲೇ ಪ್ರಸಿದ್ಧವಾಯಿತು. 1961ರಲ್ಲಿ ಬಂದ ಫಾಯೆಮಾ ಇ61 ಯಂತ್ರವು ವಿದ್ಯುತ್ ಪಂಪಿನಿಂದ ಸ್ಥಿರವಾದ 9 ಬಾರ್ ಒತ್ತಡವನ್ನು ಒದಗಿಸಿತು.

ಇಟಲಿಯಲ್ಲಿಯೂ ಎಸ್ಪ್ರೆಸೊ ಮುಖ್ಯವಾಗಿ ಅಂಗಡಿಯ ಪಾನೀಯವಾಗಿತ್ತು. ಮನೆಗಳಲ್ಲಿ 1933ರಲ್ಲಿ ಬಳಕೆಗೆ ಬಂದ ಬಿಯಾಲೆಟ್ಟಿ ಮೋಕಾ ಪಾತ್ರೆ ಪ್ರಚಲಿತವಾಗಿತ್ತು. ಇದರ ಒತ್ತಡ ಎಸ್ಪ್ರೆಸೊ ಯಂತ್ರದ ಒತ್ತಡಕ್ಕಿಂತ ಬಹಳ ಕಡಿಮೆ. ಸಣ್ಣ ಪಂಪುಗಳು ಮತ್ತು ವಿದ್ಯುನ್ಮಾನ ತಾಪ ನಿಯಂತ್ರಕಗಳು ಅಗ್ಗವಾದ ಬಳಿಕ ಗೃಹಬಳಕೆಯ ಯಂತ್ರಗಳು ವ್ಯಾಪಕವಾದವು.

ತಯಾರಿಕೆಯ ವಿಧಾನ

ಸಾಮಾನ್ಯವಾಗಿ ಅನುಸರಿಸುವ ಸೂತ್ರದಂತೆ 18 ಗ್ರಾಂ ಪುಡಿಯಿಂದ 25 ರಿಂದ 30 ಸೆಕೆಂಡುಗಳಲ್ಲಿ ಸುಮಾರು 36 ಗ್ರಾಂ ಕಾಫಿ ಇಳಿಯಬೇಕು. ನೀರಿನ ಉಷ್ಣತೆ 90 ರಿಂದ 96 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಪುಡಿ ದಪ್ಪವಾಗಿದ್ದರೆ ನೀರು ಬೇಗನೆ ಹಾದುಹೋಗಿ ಕಾಫಿ ತೆಳ್ಳಗೂ ಹುಳಿಯಾಗಿಯೂ ಇರುತ್ತದೆ. ಅತಿ ನುಣುಪಾಗಿದ್ದರೆ ಹರಿವು ನಿಧಾನವಾಗಿ ಕಹಿ ಹೆಚ್ಚುತ್ತದೆ. ಪುಡಿ ಸಮವಾಗಿ ಹರಡಿರದಿದ್ದಲ್ಲಿ ನೀರು ಸಡಿಲವಾದ ಭಾಗದಲ್ಲಿ ದಾರಿ ಮಾಡಿಕೊಂಡು ಹರಿಯುತ್ತದೆ. ಆಗ ಒಂದೇ ಲೋಟದಲ್ಲಿ ಹುಳಿ ಮತ್ತು ಕಹಿ ಎರಡೂ ಕಾಣಿಸಿಕೊಳ್ಳುತ್ತವೆ.

ಹೆಚ್ಚು ನುಣ್ಣಗೆ ಬೀಸಿದಷ್ಟೂ ಸಾರ ಹೆಚ್ಚು ಇಳಿಯುತ್ತದೆ ಎಂಬ ನಂಬಿಕೆಯನ್ನು 2020ರಲ್ಲಿ 'ಮ್ಯಾಟರ್' ನಿಯತಕಾಲಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ಪ್ರಶ್ನಿಸಿತು. ಒಂದು ಮಿತಿಗಿಂತ ನುಣುಪಾದ ಪುಡಿಯಲ್ಲಿ ಹರಿವು ಅಸಮವಾಗುವುದರಿಂದ ಸಾರ ಕಡಿಮೆಯಾಗುತ್ತದೆ. ಸ್ವಲ್ಪ ದಪ್ಪನಾದ ಪುಡಿಯನ್ನು ಕಡಿಮೆ ಪ್ರಮಾಣದಲ್ಲಿ ಬಳಸಿದರೆ ಫಲಿತಾಂಶವು ಪ್ರತಿಬಾರಿಯೂ ಒಂದೇ ರೀತಿ ಬರುವ ಸಾಧ್ಯತೆ ಹೆಚ್ಚು ಎಂದು ಅದು ತೋರಿಸಿತು. ಬೀಸುವ ಮೊದಲು ಬೀಜಕ್ಕೆ ಕೆಲವು ಹನಿ ನೀರು ಚಿಮುಕಿಸಿದರೆ ಸ್ಥಿರವಿದ್ಯುತ್ತಿನಿಂದ ಪುಡಿ ಗಂಟಾಗುವುದು ಕಡಿಮೆಯಾಗುತ್ತದೆ ಎಂದು ಅದೇ ನಿಯತಕಾಲಿಕೆಯಲ್ಲಿ 2023ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನ ತಿಳಿಸಿತು.

ಉಪಕರಣಗಳು

ಮನೆಯ ವ್ಯವಸ್ಥೆಯಲ್ಲಿ ಯಂತ್ರ, ಗ್ರೈಂಡರ್ ಮತ್ತು 0.1 ಗ್ರಾಂ ನಿಖರತೆಯ ತಕ್ಕಡಿ ಮುಖ್ಯವಾದವು. ಹರಿವಿನ ವೇಗವನ್ನು ನಿರ್ಧರಿಸುವುದು ಪುಡಿಯ ಗಾತ್ರವಾದ್ದರಿಂದ, ಸೂಕ್ಷ್ಮವಾಗಿ ಹೊಂದಿಸಬಹುದಾದ ಗ್ರೈಂಡರ್ ಯಂತ್ರಕ್ಕಿಂತ ಹೆಚ್ಚು ಪರಿಣಾಮಕಾರಿ ಎಂಬುದು ಸಾಮಾನ್ಯ ಅಭಿಪ್ರಾಯ. ಮಸಾಲೆ ಪುಡಿ ಮಾಡುವ ಮಿಕ್ಸಿಯ ಬ್ಲೇಡು ಬೀಜವನ್ನು ಅಸಮವಾಗಿ ಕತ್ತರಿಸುವುದರಿಂದ ಈ ಕೆಲಸಕ್ಕೆ ಸೂಕ್ತವಲ್ಲ. ಕೈಯಿಂದ ತಿರುಗಿಸುವ ಉತ್ತಮ ಗ್ರೈಂಡರುಗಳು ಕಡಿಮೆ ವೆಚ್ಚದಲ್ಲಿ ಅಗತ್ಯವಾದ ಸಮತೆಯನ್ನು ಕೊಡುತ್ತವೆ.

ಯಂತ್ರಗಳ ಪೆಟ್ಟಿಗೆಯ ಮೇಲೆ ಮುದ್ರಿಸಿರುವ '15 ಬಾರ್' ಎಂಬುದು ಪಂಪಿನ ಗರಿಷ್ಠ ಸಾಮರ್ಥ್ಯವೇ ಹೊರತು ಕಾಫಿಯ ಗುಣಮಟ್ಟದ ಅಳತೆಯಲ್ಲ. ಭಾರತದ ಗೃಹ ವಿದ್ಯುತ್ ಪೂರೈಕೆ 230 ವೋಲ್ಟ್ ಆಗಿರುವುದರಿಂದ, ಅಮೆರಿಕದಲ್ಲಿರುವ ಬಂಧುಗಳ ಮೂಲಕ ತರಿಸಿದ 120 ವೋಲ್ಟಿನ ಯಂತ್ರಗಳಿಗೆ ತಕ್ಕ ಸಾಮರ್ಥ್ಯದ ಟ್ರಾನ್ಸ್‌ಫಾರ್ಮರ್ ಅಗತ್ಯ. ನೀರು ಕಾಯಿಸಲು ಸಾವಿರ ವ್ಯಾಟ್‌ಗೂ ಮಿಗಿಲಾದ ವಿದ್ಯುತ್ ಬೇಕಾಗುವ ಯಂತ್ರಗಳು ಮನೆಯ ಸಣ್ಣ ಇನ್ವರ್ಟರಿನಲ್ಲಿ ನಡೆಯುವುದಿಲ್ಲ. ಕೈಯ ಒತ್ತಡದಿಂದ ಕೆಲಸ ಮಾಡುವ ಸನ್ನೆಗೋಲಿನ ಸರಳ ಯಂತ್ರಗಳಿಗೆ ಬೇರೆಯಾಗಿ ಕಾಯಿಸಿದ ನೀರು ಸಾಕು.

ನೀರು

ಎಸ್ಪ್ರೆಸೊದ ಬಹುಭಾಗ ನೀರೇ ಆಗಿರುವುದರಿಂದ ಅದರಲ್ಲಿನ ಲವಣಾಂಶವು ರುಚಿ ಮತ್ತು ಯಂತ್ರದ ಬಾಳಿಕೆ ಎರಡನ್ನೂ ಪ್ರಭಾವಿಸುತ್ತದೆ. ಗಡಸು ನೀರು ಬಾಯ್ಲರಿನೊಳಗೆ ಸುಣ್ಣದ ಪದರವನ್ನು ಕಟ್ಟುತ್ತದೆ. ಆರ್‌ಒ ಶುದ್ಧೀಕರಣದ ನೀರಿನಲ್ಲಿ ಲವಣಗಳು ತೀರಾ ಕಡಿಮೆಯಾದರೆ ಕಾಫಿ ಸಪ್ಪೆಯಾಗುತ್ತದೆ. ನೀರಿನ ವಿದ್ಯುದ್ವಾಹಕತೆಯನ್ನು ಅವಲಂಬಿಸಿದ ಮಟ್ಟಸೂಚಕಗಳೂ ಸರಿಯಾಗಿ ಕೆಲಸ ಮಾಡದಿರಬಹುದು.

'ಗಂಗಾಸ್ನಾನ, ತುಂಗಾಪಾನ' ಎಂಬ ಮಾತು ತುಂಗಾ ನದಿಯ ನೀರಿನ ರುಚಿಗೆ ಸಂದ ಮನ್ನಣೆಯಾಗಿದೆ. ಆದರೆ ತುಂಗೆಯ ದಡದ ಶಿವಮೊಗ್ಗ ಮತ್ತು ಭದ್ರೆಯ ದಡದ ಭದ್ರಾವತಿಯಂತಹ ಊರುಗಳಲ್ಲಿಯೂ ಎಲ್ಲ ಮನೆಗಳ ನೀರು ಒಂದೇ ಬಗೆಯದಲ್ಲ. ಕೊಳವೆಬಾವಿಯ ನೀರು ಸಾಮಾನ್ಯವಾಗಿ ನದಿಯ ನೀರಿಗಿಂತ ಗಡಸು. ಶಿವಮೊಗ್ಗದಿಂದ ಸವಳಂಗ ರಸ್ತೆಯಲ್ಲಿ ಸಾಗಿದಂತೆ ಮಲೆನಾಡಿನ ಅಂಚು ಬಯಲುಸೀಮೆಗೆ ತಿರುಗುತ್ತದೆ. ಇಂತಹ ಸಂಧಿಪ್ರದೇಶದಲ್ಲಿ ಒಂದು ಮನೆಯ ನೀರಿಗೆ ಹೊಂದಿದ ಕ್ರಮ ಮತ್ತೊಂದು ಮನೆಗೆ ಹೊಂದಬೇಕೆಂದಿಲ್ಲ. ಅಲ್ಪಬೆಲೆಯ ಗಡಸುತನ ಪರೀಕ್ಷಾ ಪಟ್ಟಿಯಿಂದ ಇದನ್ನು ಅರಿಯಬಹುದು.

ಕರ್ನಾಟಕದ ಹಿನ್ನೆಲೆ

ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಯೆಮೆನ್‌ನಿಂದ ಏಳು ಬೀಜಗಳನ್ನು ತಂದು ಚಿಕ್ಕಮಗಳೂರಿನ ಗಿರಿಗಳಲ್ಲಿ ಬಿತ್ತಿದರೆಂಬ ಐತಿಹ್ಯವಿದೆ. ಬಾಳೆಹೊನ್ನೂರಿನಲ್ಲಿ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಇದೆ. ಕಾಫಿ ಮಂಡಳಿಯ ಸಂಗ್ರಹ ವ್ಯವಸ್ಥೆಯಲ್ಲಿ ಬೆಳೆಗಾರರು ಫಸಲನ್ನು ಮಂಡಳಿಗೇ ಒಪ್ಪಿಸಬೇಕಾಗಿತ್ತು. 1990ರ ದಶಕದಲ್ಲಿ ಈ ವ್ಯವಸ್ಥೆ ಹಂತಹಂತವಾಗಿ ಕೊನೆಗೊಂಡ ನಂತರ ತೋಟದ ಹೆಸರಿನಲ್ಲಿಯೇ ಬೀಜವನ್ನು ಮಾರಲು ಸಾಧ್ಯವಾಯಿತು. ಕೂರ್ಗ್ ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ ಮತ್ತು ಬಾಬಾಬುಡನ್‌ಗಿರೀಸ್ ಅರೇಬಿಕಾ ಕಾಫಿಗಳಿಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಭಾರತದ ರೊಬಸ್ಟಾ ಬಹುಕಾಲದಿಂದ ಇಟಲಿಗೆ ರಫ್ತಾಗುತ್ತಿದ್ದು, ಎಸ್ಪ್ರೆಸೊ ಮಿಶ್ರಣಗಳಿಗೆ ನೊರೆ ಮತ್ತು ಗಾಢತೆಯನ್ನು ಒದಗಿಸುತ್ತದೆ.

ಫಿಲ್ಟರ್ ಕಾಫಿಯಲ್ಲಿ ಡಿಕಾಕ್ಷನ್ ಗುರುತ್ವಾಕರ್ಷಣೆಯಿಂದ ನಿಧಾನವಾಗಿ ಇಳಿಯುತ್ತದೆ. ಅಂಗಡಿಯ ಫಿಲ್ಟರ್ ಪುಡಿಯಲ್ಲಿ ಅನೇಕ ವೇಳೆ ಚಿಕೋರಿ ಬೆರೆತಿರುತ್ತದೆ. ಭಾರತದ ಆಹಾರ ನಿಯಮಗಳಂತೆ ಕಾಫಿ-ಚಿಕೋರಿ ಮಿಶ್ರಣದಲ್ಲಿ 49 ಶೇಕಡಾವರೆಗೆ ಚಿಕೋರಿಗೆ ಅವಕಾಶವಿದೆ. ನೀರನ್ನು ಹೀರುವ ಚಿಕೋರಿಯು ಎಸ್ಪ್ರೆಸೊ ಜಾಲರಿಯಲ್ಲಿ ಹರಿವನ್ನು ಕೆಡಿಸುವುದರಿಂದ ಈ ಪುಡಿಯನ್ನು ಯಂತ್ರದಲ್ಲಿ ಬಳಸುವುದಿಲ್ಲ. ಬೀಜವನ್ನು ಮನೆಯಲ್ಲಿಯೇ ಹುರಿದು, ಮೇಜಿಗೆ ಬಿಗಿದ ಕೈಯಂತ್ರದಲ್ಲಿ ಅಂದಂದಿಗೆ ಬೇಕಾದಷ್ಟನ್ನೇ ಬೀಸುವ ಪದ್ಧತಿ ಹಿಂದೆ ಅನೇಕ ಕುಟುಂಬಗಳಲ್ಲಿತ್ತು. ತಾಜಾ ಬೀಜ ಮತ್ತು ಆಗಷ್ಟೇ ಬೀಸಿದ ಪುಡಿ ಎಂಬ ಇಂದಿನ ಎಸ್ಪ್ರೆಸೊ ಹವ್ಯಾಸಿಗಳ ನಿಯಮವು ಆ ಪದ್ಧತಿಯಲ್ಲಿಯೇ ಅಡಕವಾಗಿತ್ತು.

ಹೈ-ಫೈ ಹವ್ಯಾಸದೊಂದಿಗೆ ಹೋಲಿಕೆ

ಎರಡೂ ಹವ್ಯಾಸಗಳಲ್ಲಿ ಉಪಕರಣದ ಬೆಲೆ ಏರಿದಂತೆ ಅನುಭವಕ್ಕೆ ಬರುವ ವ್ಯತ್ಯಾಸ ಕಿರಿದಾಗುತ್ತದೆ. ಆ ವ್ಯತ್ಯಾಸ ನಿಜವಾದದ್ದೋ ನಿರೀಕ್ಷೆಯಿಂದ ಹುಟ್ಟಿದ್ದೋ ಎಂಬುದು ಮುಖ್ಯ ಚರ್ಚೆಯಾಗಿದೆ. 2007ರಲ್ಲಿ ಬ್ರಾಡ್ ಮೇಯರ್ ಮತ್ತು ಡೇವಿಡ್ ಮೊರಾನ್ ಪ್ರಕಟಿಸಿದ ಪ್ರಯೋಗದಲ್ಲಿ, ಯಾವುದು ಯಾವುದೆಂದು ತಿಳಿಸದಿದ್ದಾಗ ಕೇಳುಗರು ಉನ್ನತ ರೆಸಲ್ಯೂಶನ್ ಧ್ವನಿಯನ್ನು ಸಿ.ಡಿ. ಗುಣಮಟ್ಟದ ಧ್ವನಿಯಿಂದ ಬೇರ್ಪಡಿಸಲಾರದೆ ಹೋದರು. 2016ರಲ್ಲಿ ಜೋಷುವಾ ರೈಸ್ 18 ಪ್ರಯೋಗಗಳನ್ನು ಒಟ್ಟುಗೂಡಿಸಿ ನಡೆಸಿದ ವಿಶ್ಲೇಷಣೆಯು ಸಣ್ಣದಾದರೂ ಗುರುತಿಸಬಹುದಾದ ವ್ಯತ್ಯಾಸವನ್ನು ತೋರಿಸಿತು. ಸ್ಪೀಕರಿನ ಸ್ಥಾನ ಮತ್ತು ಕೋಣೆಯ ಪ್ರತಿಧ್ವನಿ ಉಂಟುಮಾಡುವ ವ್ಯತ್ಯಾಸ ಇದಕ್ಕಿಂತ ಬಹಳ ದೊಡ್ಡದು.

ಕಾಫಿಯಲ್ಲಿ ಇದೇ ಉದ್ದೇಶಕ್ಕೆ ತ್ರಿಲೋಟ ಪರೀಕ್ಷೆಯನ್ನು ಬಳಸುತ್ತಾರೆ. ಒಂದೇ ಕಾಫಿಯ ಎರಡು ಲೋಟಗಳೊಡನೆ ಬೇರೆಯ ಒಂದು ಲೋಟವನ್ನಿಟ್ಟು, ಭಿನ್ನವಾದುದನ್ನು ಗುರುತಿಸಲು ಹೇಳಲಾಗುತ್ತದೆ. ಊಹೆಯಿಂದಲೇ ಮೂರರಲ್ಲಿ ಒಂದು ಬಾರಿ ಸರಿಯುತ್ತರ ಬರಬಹುದಾದ್ದರಿಂದ ಪರೀಕ್ಷೆಯನ್ನು ಹಲವು ಬಾರಿ ಪುನರಾವರ್ತಿಸಬೇಕಾಗುತ್ತದೆ. ದುಬಾರಿ ಉಪಕರಣವನ್ನು ಕೊಳ್ಳುವ ಮುನ್ನ ಅದರ ಅಗತ್ಯವನ್ನು ತೂಗಿ ನೋಡಲು ಈ ಸರಳ ಕ್ರಮ ನೆರವಾಗುತ್ತದೆ.

ಇವನ್ನೂ ನೋಡಿ

ಫಿಲ್ಟರ್ ಕಾಫಿ
ಬಾಬಾ ಬುಡನ್‌ಗಿರಿ
ಚಿಕೋರಿ
ತುಂಗಾ ನದಿ